ಸೊಂಟ ಜಾರಿಸಿದ್ರೆ ಬೈಕ್ ತಿರುಗಲ್ಲ ಗುರು

ಕಳೆದ ಮಳೆಗಾಲ ಮುಗಿದ ಮೇಲೆ ಆಫೀಸಿನ ಆರು ಜನ ಚಾರ್ಮಾಡಿ ಘಾಟಿಗೆ ಹೋಗಿದ್ವಿ. ನಮ್ಮ ಟೀಮಿನ ಹುಡುಗನೊಬ್ಬ ಪ್ರತಿ ತಿರುವಿನಲ್ಲೂ ಟಿವಿಯಲ್ಲಿ ಮಾರ್ಕೆಸ್ ಮಾಡೋ ಹಾಗೆ ಸೀಟಿನಿಂದ ಅರ್ಧ ಕೆಳಗಿಳಿದು ಮೊಣಕಾಲು ಚಾಚುತ್ತಿದ್ದ. ಮೈಯೆಲ್ಲ ಪಕ್ಕಕ್ಕೆ, ಬೈಕ್ ಮಾತ್ರ ನೆಟ್ಟಗೆ. ಒಂದು ಎಡ ತಿರುವಿನಲ್ಲಿ ಬೈಕು ತಿರುಗದೆ ಬಲಕ್ಕೆ ಸರಿಯುತ್ತಾ ಸರಿಯುತ್ತಾ ಎದುರಿನ ಬಸ್ಸಿನ ಮುಂದೆ ಹೋಯ್ತು. ಡ್ರೈವರ್ ಬಸ್ಸನ್ನ ಮಣ್ಣಿಗಿಳಿಸಿದ್ದಕ್ಕೆ ಹುಡುಗ ಉಳಿದ. ಕಾಲರ್ ಬೋನ್ ಮುರೀತು. ಆಸ್ಪತ್ರೆಯಲ್ಲಿ ಮಲಗಿಕೊಂಡು, "ಇನ್ನೂ ಸ್ವಲ್ಪ ಸೊಂಟ ಜಾರಿಸಬೇಕಿತ್ತು ಅಣ್ಣಾ" ಅಂದ.

ಇಲ್ಲ ಮಾರಾಯ. ಹ್ಯಾಂಡಲ್ ಒತ್ತಬೇಕಿತ್ತು. ಎಡಕ್ಕೆ ಹೋಗೋಕೆ ಎಡ ಹಿಡಿಯನ್ನ ಮುಂದಕ್ಕೆ.

ಹಾಗೆ ಒತ್ತಿದರೆ ಮುಂದಿನ ಚಕ್ರ ಒಂದು ಕ್ಷಣ ಕೂದಲೆಳೆಯಷ್ಟು ಬಲಕ್ಕೆ ತಿರುಗುತ್ತೆ. ಚಕ್ರ ಬಲಕ್ಕೆ ಸರಿದ ಕೂಡಲೇ ಮೇಲಿನ ಭಾರ ಎಡಕ್ಕೆ ವಾಲುತ್ತೆ, ಆಮೇಲೆ ಚಕ್ರವೂ ತಾನಾಗಿ ಎಡಕ್ಕೆ ಹೊರಳುತ್ತೆ. ಅಂಗೈ ಮೇಲೆ ಬಾರುಕೋಲು ನಿಲ್ಲಿಸಿ ಆಡಿದವರಿಗೆ ಇದು ಗೊತ್ತು: ಕೋಲು ಎಡಕ್ಕೆ ಬೀಳಬೇಕಂದ್ರೆ ಕೈಯನ್ನ ಬಲಕ್ಕೆ ಸರಿಸಬೇಕು. ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ (ಹೌದು, ಅದೇ ವಿಮಾನದವನು) ನೂರು ವರ್ಷಕ್ಕೂ ಹಿಂದೆಯೇ ಇದನ್ನ ಗಮನಿಸಿದ್ದ.

ಹಾಗಾದ್ರೆ ಮೈಭಾರಕ್ಕೆ ಬೆಲೆ ಇಲ್ವಾ? ಇದೆ. ನಾನೂ ಊರಲ್ಲಿ ಕೈ ಬಿಟ್ಟು ಸೈಕಲ್ ಹೊಡೆದವನೇ. ಆದ್ರೆ ಆ ಸೈಕಲ್ ಇಪ್ಪತ್ತು ಕೆಜಿ, ನಾನು ನಲವತ್ತು. ಇವನ ಬೈಕು 190 ಕೆಜಿ, ಇವನು 70. ಹತ್ತು ಸೆಂ.ಮೀ. ಸರಿದು ಕೂತರೆ ಒಟ್ಟು ಭಾರದ ಕೇಂದ್ರ ಸರಿಯೋದು 2.7 ಸೆಂ.ಮೀ. ಅಷ್ಟೇ, ಈ ಲೆಕ್ಕಕ್ಕೆ ಬಿಇ ಬೇಕಾಗಿಲ್ಲ. ಅದೇ ತಿರುವನ್ನ ಅದೇ ವೇಗದಲ್ಲಿ ಬೈಕನ್ನ ಎರಡು ಡಿಗ್ರಿ ಚಿಲ್ಲರೆ ಕಮ್ಮಿ ವಾಲಿಸಿ ದಾಟಬಹುದು. ರೇಸಿನವರಿಗೆ ಅದು ಚಿನ್ನ. ಆದ್ರೆ ಬೈಕನ್ನ ವಾಲಿಸೋದು ಅವರ ಕೈ, ಅದು ಟಿವಿಯಲ್ಲಿ ಕಾಣಲ್ಲ. ಅಮೆರಿಕದ ತರಬೇತುದಾರ ಕೀತ್ ಕೋಡ್ ಒಂದು ಬೈಕಿಗೆ ಫ್ರೇಮಿಗೇ ಬಿಗಿದ, ತಿರುಗದ ಎರಡನೇ ಹ್ಯಾಂಡಲ್ ಹಾಕಿಸಿದ. ಅದನ್ನ ಹಿಡಿದು ಎಷ್ಟು ಒದ್ದಾಡಿದ್ರೂ ಬೈಕು ಅತ್ತಿತ್ತ ತೇಲುತ್ತೆ, ಹೇಳಿದ ಕಡೆಗೆ ಮಾತ್ರ ಹೋಗಲ್ಲ.

ಹುಡುಗನನ್ನ ಬೈದು ಏನು ಪ್ರಯೋಜನ? ಲೈಸೆನ್ಸ್ ಕೊಡುವಾಗ ನಾವು ಮಾಡಿಸೋದು 8. ಅದೂ ನಡಿಗೆಯ ವೇಗದಲ್ಲಿ. ಆ ವೇಗದಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಬೈಕು ಎಡಕ್ಕೇ ಹೋಗುತ್ತೆ. ಕಾಲು ನೆಲಕ್ಕೆ ತಾಗದಿದ್ರೆ ಪಾಸ್. ನನಗೂ ಹಾಗೇ ಸಿಕ್ಕಿದ್ದು. ಅದೇ ನಂಬಿಕೆ ಹೊತ್ಕೊಂಡು 60ರ ವೇಗಕ್ಕೆ ಬರ್ತೀವಿ. ದಿನಾ ನಮ್ಮ ಕೈ ನಮಗೆ ಗೊತ್ತಿಲ್ಲದೇ ಸರಿಯಾಗಿ ಒತ್ತುತ್ತಿರುತ್ತೆ. ತೊಂದರೆ ಗಾಬರಿಯಾದಾಗ. ಆಗ ಕೈ ಮಾಡೋದು ತಲೆ ನಂಬಿದ್ದನ್ನ. ನಾಯಿ ಅಡ್ಡ ಬಂತು, ಎಡಕ್ಕೆ ತಪ್ಪಿಸೋಣ ಅಂತ ಹ್ಯಾಂಡಲ್ ಎಡಕ್ಕೆ ತಿರುವಿದ್ರೆ ಬೈಕು ವಾಲೋದು ಬಲಕ್ಕೆ, ನಾಯಿ ಮೇಲೇ.

ಲಾಸ್ ಏಂಜಲೀಸ್ ಕಡೆಯ 900 ಅಪಘಾತಗಳನ್ನ ಸ್ಥಳಕ್ಕೇ ಹೋಗಿ ಪರಿಶೀಲಿಸಿ ಬರೆದ ಹರ್ಟ್ ವರದಿ 1981ರಲ್ಲೇ ಹೇಳಿತ್ತು: ಸಾಮಾನ್ಯವಾಗಿ ಸವಾರನಿಗೆ ಸಿಗೋದು ಎರಡು ಸೆಕೆಂಡಿಗಿಂತ ಕಮ್ಮಿ, ಹೀಗೆ ಒತ್ತಿ ತಪ್ಪಿಸಿಕೊಳ್ಳೋ ವಿದ್ಯೆ ಅವರಲ್ಲಿ ಹೆಚ್ಚೂಕಮ್ಮಿ ಇರಲೇ ಇಲ್ಲ. 60ರಲ್ಲಿ ಎರಡು ಸೆಕೆಂಡ್ ಅಂದ್ರೆ 33 ಮೀಟರ್.

ನಾವು 2019ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಮಾಡಿದ್ವಿ. ಒಳ್ಳೇದೇ. ಓಡಿಸೋನಿಗೆ? ಆ 8ರ ಪಕ್ಕದಲ್ಲಿ ಒಂದು ನೇರ ರಸ್ತೆ, ನಾಲ್ಕು ಕೋನು. 40ರಲ್ಲಿ ಬಾ, ಕೈ ತೋರಿಸಿದ ಕಡೆಗೆ ತಪ್ಪಿಸು. ಅಷ್ಟನ್ನೂ ಪರೀಕ್ಷೆ ಮಾಡೋಕೆ ಜಾಗ ಇಲ್ಲ ಅನ್ನೋದಾದ್ರೆ ಲೈಸೆನ್ಸ್ ಮೇಲೆ 'ಮೈದಾನದೊಳಗೆ ಮಾತ್ರ' ಅಂತ ಅಚ್ಚು ಹಾಕಿ ಕೊಡಿ.