ವಿಡಿಯೋ ನಂಬುವ ಮೊದಲು ಮಕ್ಕಳು ಒಂದು ವಿಡಿಯೋ ಮಾಡಲಿ

ಪರೀಕ್ಷೆ ಮುಗಿದರೆ ಸಾಕು, ಅಮೃತಹಳ್ಳಿಯಿಂದ ಸಹಕಾರನಗರದವರೆಗೆ ಬೇಸಿಗೆ ಶಿಬಿರದ ಬೋರ್ಡುಗಳು ಏಳುತ್ತವೆ. ರೋಬೋಟಿಕ್ಸ್, ಕೋಡಿಂಗ್, ಅಬ್ಯಾಕಸ್, ಎಲ್ಲಕ್ಕೂ ಸಾವಿರಗಟ್ಟಲೆ ಫೀಸು. ಹಳ್ಳಿಗಳಿಂದ ಬಂದು ಇಲ್ಲಿ ಬಾಡಿಗೆಗೆ ಇರುವ ನಮ್ಮನ್ನೂ ನೆರೆಮನೆಯವರು ಕೇಳುತ್ತಾರೆ: "ನೀವು ಮೀಡಿಯಾದವ್ರಲ್ವಾ, ಮಕ್ಳಿಗೆ ರಜದಲ್ಲಿ ಏನಾದ್ರೂ ಹೇಳ್ಕೊಡಿ." ನಮ್ಮ ಉತ್ತರ ಒಂದೇ. ಅಟ್ಟದ ಮೇಲಿರುವ ಬ್ಲಾಕ್ಸ್ ಡಬ್ಬ ಇಳಿಸಿ, ಒಂದು ಹಳೇ ಮೊಬೈಲ್ ಕೊಡಿ, ಸ್ಟಾಪ್ ಮೋಷನ್ ಸಿನಿಮಾ ಮಾಡಲಿ ಬಿಡಿ.

ಹೊತ್ತು ಕಳೆಯಲಿ ಎಂದು ಈ ಮಾತು ಹೇಳುತ್ತಿಲ್ಲ. ವಾಟ್ಸಾಪಿನಲ್ಲಿ ಬಂದ ವಿಡಿಯೋ ನೋಡಿ "ಇದನ್ನ ಯಾರು ಮಾಡಿದ್ದು?" ಎಂದು ಕೇಳುವ ಬುದ್ಧಿ ಮಕ್ಕಳಿಗೆ ಬರಬೇಕು. ಅದಕ್ಕೆ ಇದಕ್ಕಿಂತ ಅಗ್ಗದ ಪಾಠ ನಮಗೆ ಕಂಡಿಲ್ಲ.

ಕೆಲಸ ಸುಲಭ, ತಾಳ್ಮೆ ಮಾತ್ರ ಬೇಕು. ಮೊಬೈಲನ್ನು ಪುಸ್ತಕಗಳ ಮಧ್ಯೆ ಅಲ್ಲಾಡದಂತೆ ನಿಲ್ಲಿಸಿ ಟೇಪು ಹಚ್ಚಬೇಕು. ಬ್ಲಾಕ್ಸ್ ಕೂರಿಸುವ ತಟ್ಟೆಯನ್ನೂ ಮೇಜಿಗೆ ಅಂಟಿಸಬೇಕು. ಕಿಟಕಿ ಮುಚ್ಚಿ ಒಂದೇ ದೀಪ ಹಾಕಬೇಕು, ಇಲ್ಲದಿದ್ದರೆ ಬಿಸಿಲು ಸರಿದ ಹಾಗೆಲ್ಲ ಚಿತ್ರ ಮಿಣುಕುತ್ತದೆ. ಮೊಬೈಲಿನ ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಬೇಕು. ಆಮೇಲೆ ಒಂದು ಫೋಟೋ, ಗೊಂಬೆಯನ್ನು ಒಂದು ಗುಬುಟಿನಷ್ಟು ಸರಿಸುವುದು, ಇನ್ನೊಂದು ಫೋಟೋ. ಲೆಗೋ ಅಳತೆಯಲ್ಲಿ ಒಂದು ಗುಬುಟಿನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಮಣ್ಣಿನ ಗೊಂಬೆಯಂತೆ ಇದು ವಾಲುವುದಿಲ್ಲ, ಇಟ್ಟಲ್ಲೇ ಕಚ್ಚಿಕೊಂಡು ಕೂರುತ್ತದೆ. ಹಾಗಾಗಿ ಏಳೆಂಟು ವರ್ಷದ ಮಕ್ಕಳ ಕೈಗೂ ಒಗ್ಗುತ್ತದೆ. ಸೆಕೆಂಡಿಗೆ 12 ಫೋಟೋ ಎಂದರೆ ಅರ್ಧ ನಿಮಿಷದ ಸಿನಿಮಾಕ್ಕೆ 360 ಫೋಟೋ. 1973ರಲ್ಲೇ ಡೆನ್ಮಾರ್ಕಿನ ಲಾರ್ಸ್ ಮತ್ತು ಹೆನ್ರಿಕ್ ಹಾಸಿಂಗ್ ಎಂಬ ಹುಡುಗರು ಸೂಪರ್ 8 ಕ್ಯಾಮೆರಾ ಹಿಡಿದು ಲೆಗೋದಲ್ಲಿ ಚಂದ್ರಯಾನದ ಕತೆ ಮಾಡಿದ್ದರು.

360 ಫೋಟೋ ತೆಗೆದ ಮಗುವಿಗೆ ಒಂದು ವಿಷಯ ತಾನಾಗೇ ತಿಳಿಯುತ್ತದೆ. ಓಡುವುದು ಗೊಂಬೆಯಲ್ಲ, ಓಡಿಸುವುದು ನಾನು. ಕೊನೆಯ 40 ಫೋಟೋ ಅಳಿಸಿದರೆ ಕತೆಯೇ ಬೇರೆಯಾಗುತ್ತದೆ. ಬಿದ್ದ ಮುದುಕಿಯನ್ನು ಎತ್ತಲು ಓಡಿ ಬಂದವನು, ಎತ್ತುವ ಭಾಗ ತೆಗೆದರೆ, ಬೀಳಿಸಿದವನ ಹಾಗೆ ಕಾಣುತ್ತಾನೆ.

ನಮ್ಮ ರಾಜ್ಯದಲ್ಲಿ ಇಂಥದ್ದೇ ಕತ್ತರಿಗೆ ಜೀವಗಳು ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಮೊಬೈಲಿನಿಂದ ಮೊಬೈಲಿಗೆ ಒಂದು ವಿಡಿಯೋ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಚಿತ್ರ. ಮೂಲದಲ್ಲಿ ಅವರು ಮಗುವನ್ನು ವಾಪಸ್ ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಬಿಟ್ಟರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಕಾರಿನಲ್ಲಿ ಬಂದವರ ಮೇಲೆ ಜನ ಮುಗಿಬಿದ್ದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತ.

ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ತಂದಿತು. ಒಳ್ಳೆಯದೇ. ಆದರೆ ಕಳಿಸುವ ಬೆರಳಿಗೆ ಮಿತಿ ಹಾಕಿದ ಮಾತ್ರಕ್ಕೆ ನೋಡುವ ಕಣ್ಣು ತೆರೆಯುವುದಿಲ್ಲ. ಆ ಜನರಲ್ಲಿ ಕೆಲವರಿಗಾದರೂ ವಿಡಿಯೋ ಕತ್ತರಿಸಿದ ಅನುಭವ ಇದ್ದಿದ್ದರೆ, "ಇದರ ಮುಂದಿನ ಭಾಗ ಎಲ್ಲಿ?" ಎಂದು ಒಬ್ಬನಾದರೂ ಕೇಳುತ್ತಿದ್ದನೇನೋ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ಮೊದಲನೆಯದು, ಮಕ್ಕಳ ಕೈಗೆ ಮತ್ತೆ ಮೊಬೈಲಾ? ಇಲ್ಲಿ ಮೊಬೈಲ್ ಟೇಪು ಹಚ್ಚಿಸಿಕೊಂಡು ಸುಮ್ಮನೆ ನಿಂತಿರುತ್ತದೆ. ಮಗುವಿನ ಕಣ್ಣು, ಕೈ ಎರಡೂ ಮೇಜಿನ ಮೇಲಿರುತ್ತವೆ. ರೀಲ್ಸ್ ತಳ್ಳುತ್ತಾ ಕೂರುವುದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಎರಡನೆಯದು ಖರ್ಚು. ಹೊರದೇಶದ ಆಟಿಕೆ ಇಲ್ಲಿ ದುಬಾರಿ. ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿದೆ. ಆದರೆ ಇದಕ್ಕೆ ಲೆಗೋವೇ ಆಗಬೇಕೆಂದಿಲ್ಲ. ಅಂಗಡಿಯಲ್ಲಿ ಸಿಗುವ ಯಾವ ಬ್ಲಾಕ್ಸ್ ಆದರೂ ನಡೆಯುತ್ತದೆ. ಅದೂ ಇಲ್ಲವೇ? ಚನ್ನಪಟ್ಟಣದ ಗೊಂಬೆ, ಹುಣಸೆ ಬೀಜ, ಬಳೆಚೂರು ಇವೆ. ದಾದಾಸಾಹೇಬ್ ಫಾಲ್ಕೆ 1915ರಲ್ಲೇ ಬೆಂಕಿಕಡ್ಡಿಗಳನ್ನು ಕುಣಿಸಿ ಇಂಥ ಚಿತ್ರ ಮಾಡಿದ್ದರು.

ಮೂರನೆಯದೇ ಗಟ್ಟಿ ಪ್ರಶ್ನೆ. ಈಗ ಎಐ ಇಲ್ಲದ್ದನ್ನೇ ಸೃಷ್ಟಿಸುತ್ತಿದೆ, ಬ್ಲಾಕ್ಸ್ ಸರಿಸಿದ ಮಗು ಅದನ್ನು ಹೇಗೆ ಕಂಡುಹಿಡಿಯುತ್ತದೆ? ಕಂಡುಹಿಡಿಯಲಾರದು, ಒಪ್ಪುತ್ತೇವೆ. ಎಷ್ಟೋ ಸಲ ಪತ್ರಕರ್ತರಿಗೂ ಬರಿಗಣ್ಣಿಗೆ ಅದು ಸಿಗುವುದಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನೆಲ್ಲ ಯಾರೋ ಜೋಡಿಸಿರಬಹುದು ಎಂಬ ಅನುಮಾನ ಒಮ್ಮೆ ಮನಸ್ಸಿನಲ್ಲಿ ಕೂತರೆ, ತಂತ್ರ ಬದಲಾದರೂ ಅದು ಹೋಗುವುದಿಲ್ಲ.

ಕರ್ನಾಟಕ 2012ರಲ್ಲೇ ಅನಿಮೇಷನ್ ಉದ್ಯಮಕ್ಕೆ ನೀತಿ ತಂದ ರಾಜ್ಯ. ಅಲ್ಲಿಂದ ಈಚೆಗೆ ಮಾತೆಲ್ಲ ಉದ್ಯೋಗ, ಸ್ಟುಡಿಯೋ, ಹೂಡಿಕೆಯದು. ಅದರಲ್ಲಿ ಚೂರು ಪಾಲು ನೋಡುಗರನ್ನು ತಯಾರು ಮಾಡುವುದಕ್ಕೂ ಸಿಗಲಿ ಎಂಬುದು ನಮ್ಮ ಒತ್ತಾಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿದೆ. ಒಂದೊಂದು ಕೇಂದ್ರಕ್ಕೆ ಒಂದು ಡಬ್ಬ ಬ್ಲಾಕ್ಸ್, ಒಂದು ಮೊಬೈಲ್ ಸ್ಟ್ಯಾಂಡ್ ಕೊಟ್ಟರೆ ರಜೆಗೆ ಸಾಕು. ಅಮೃತಹಳ್ಳಿಯಲ್ಲಿ ಫೀಸು ಕಟ್ಟಲಾಗದ ಮನೆಯ ಮಗುವಿಗೂ ಮುರ್ಕಿಯ ಮಗುವಿಗೂ ಬೇಕಿರುವುದು ಅಷ್ಟೇ.

ಸರ್ಕಾರ ಕೊಡುವವರೆಗೆ ಮನೆಯಲ್ಲೇ ಶುರು ಮಾಡಬಹುದು. ಮಗು ಸಿನಿಮಾ ಮುಗಿಸಿದ ಮೇಲೆ ಕೊನೆಯ ಭಾಗ ತೆಗೆದ ಒಂದು ಪ್ರತಿ ಮಾಡಿಸಿ. ಮೊದಲು ಅದನ್ನು ಅಜ್ಜ ಅಜ್ಜಿಗೆ, ಪಕ್ಕದ ಮನೆಯವರಿಗೆ ತೋರಿಸಿ, ಏನು ನಡೆಯಿತು ಎಂದು ಕೇಳಲಿ. ಆಮೇಲೆ ಪೂರ್ತಿ ತೋರಿಸಲಿ. ದೊಡ್ಡವರಿಗೂ ಪಾಠ ಆಗುತ್ತದೆ. ಫಾರ್ವರ್ಡ್ ಮಾಡುವವರು ಹೆಚ್ಚಾಗಿ ನಾವು ದೊಡ್ಡವರೇ ತಾನೆ.