ಕಣ್ಣು ಮುಚ್ಚದ ಯಂತ್ರ ಯಾರ ಕಾವಲಿಗೆ?

2021ರ ಆಗಸ್ಟ್ 24ರ ಸಂಜೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಬಳಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗೆಳೆಯನನ್ನು ದುಷ್ಕರ್ಮಿಗಳು ಥಳಿಸಿದರು. ನಾಡಿಗೆ ನಾಡೇ ತಲ್ಲಣಿಸಿತು. ಆಗ ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ ಅವರು, ಆ ಹೊತ್ತಿನಲ್ಲಿ ಅಂತಹ ನಿರ್ಜನ ಜಾಗಕ್ಕೆ ಅವರು ಹೋಗಬಾರದಿತ್ತು ಎಂಬ ಅರ್ಥದ ಮಾತನ್ನಾಡಿದರು. ಮೈಸೂರು ವಿಶ್ವವಿದ್ಯಾನಿಲಯವು ಸಂಜೆ ಆರೂವರೆಯ ಬಳಿಕ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಬಳಿಕ ಎರಡನ್ನೂ ಹಿಂತೆಗೆದುಕೊಳ್ಳಲಾಯಿತು. ಅಪರಾಧ ಮಾಡಿದವರು ಯಾರೋ, ನಿರ್ಬಂಧ ಮಾತ್ರ ಹೆಣ್ಣುಮಕ್ಕಳಿಗೆ!

ಆ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿ ಹೆಚ್ಚು ಚರ್ಚೆಯಾಗಲಿಲ್ಲ. ತನಿಖೆಯ ಆರಂಭದಲ್ಲಿ ಅನುಮಾನ ಕೇರಳ ಮೂಲದ ಕೆಲವು ವಿದ್ಯಾರ್ಥಿಗಳ ಮೇಲಿದೆಯೆಂದು ಮಾಧ್ಯಮಗಳು ಬರೆದವು. ಆದರೆ ಆಗಸ್ಟ್ 28ರಂದು ಪೊಲೀಸರು ಬಂಧನವನ್ನು ಪ್ರಕಟಿಸಿದಾಗ ಸಿಕ್ಕಿಬಿದ್ದವರು ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಕೂಲಿಕಾರರಾಗಿದ್ದರು. ಅವರನ್ನು ಪತ್ತೆ ಹಚ್ಚಿದ್ದು ಊಹೆಯಲ್ಲ, ಮೊಬೈಲ್ ದಾಖಲೆಗಳೂ ಸೇರಿದಂತೆ ತಾಂತ್ರಿಕ ಸಾಕ್ಷ್ಯಗಳು. ಅಂದರೆ ದಾಖಲೆ ಇಲ್ಲಿ ಎರಡು ಕೆಲಸ ಮಾಡಿತು: ತಪ್ಪಿತಸ್ಥರನ್ನು ತೋರಿಸಿತು, ತಪ್ಪಿಲ್ಲದವರನ್ನು ಉಳಿಸಿತು. ಊರಿನ, ಭಾಷೆಯ, ಹೆಸರಿನ ಆಧಾರದಲ್ಲಿ ಸಂಶಯಕ್ಕೆ ಒಳಗಾಗುವುದೆಂದರೇನೆಂದು ಬಲ್ಲ ನಮಗೆ ಈ ಎರಡನೆಯ ಕೆಲಸದ ಬೆಲೆ ಚೆನ್ನಾಗಿ ಗೊತ್ತು.

ಆದ್ದರಿಂದ ನಾವು ಆರಂಭದಲ್ಲೇ ಸ್ಪಷ್ಟಪಡಿಸುತ್ತೇವೆ. ಪೊಲೀಸರ ಕೈಗೆ ಒಳ್ಳೆಯ ಕಂಪ್ಯೂಟರ್ ವ್ಯವಸ್ಥೆ ಬೇಕು ಎನ್ನುವುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಅದು ಹಗಲು ರಾತ್ರಿ ಕೆಟ್ಟು ನಿಲ್ಲದೆ ನಡೆಯಲೇಬೇಕು. ನಮ್ಮ ತಕರಾರು ಬೇರೆಯೇ ಇದೆ. ಈ ಯಂತ್ರ ಸದಾ ಎಚ್ಚರವಾಗಿರುವುದು ಯಾರಿಗಾಗಿ? ಆಳುವವರಿಗೆ ಬೇಕಾದಾಗ ಎಚ್ಚರ, ಪ್ರಜೆಗೆ ಬೇಕಾದಾಗ ನಿದ್ದೆ ಎಂದಾದರೆ ಅದನ್ನು ನಂಬಿಕೆಗೆ ಅರ್ಹವಾದ ವ್ಯವಸ್ಥೆಯೆಂದು ಕರೆಯುವುದು ಹೇಗೆ?

2008ರ ಮುಂಬೈ ದಾಳಿಯ ಬಳಿಕ, 2009ರಲ್ಲಿ ಕೇಂದ್ರ ಸರಕಾರವು ಸಿಸಿಟಿಎನ್‌ಎಸ್ ಎಂಬ ಯೋಜನೆಗೆ 2,000 ಕೋಟಿ ರೂಪಾಯಿ ಮಂಜೂರು ಮಾಡಿತು. ದೇಶದ ಪೊಲೀಸ್ ಠಾಣೆಗಳನ್ನೆಲ್ಲ ಒಂದೇ ಜಾಲದಲ್ಲಿ ಜೋಡಿಸುವುದು ಅದರ ಗುರಿ. ಒಂದು ರಾಜ್ಯದ ಠಾಣೆಯ ರಿಜಿಸ್ಟರಿನಲ್ಲಿ ಬರೆದಿಟ್ಟ ಪ್ರಕರಣ ಪಕ್ಕದ ರಾಜ್ಯದ ಪೊಲೀಸರಿಗೆ ಕಾಣದ ಕಾಲವೊಂದಿತ್ತು. ಗಡಿ ದಾಟಿ ಬಂದು ಅಪರಾಧವೆಸಗಿ ಮರಳುವವರ ವಿಷಯದಲ್ಲಿ ಇಂತಹ ಜಾಲ ಎಷ್ಟು ಅಗತ್ಯವೆಂಬುದನ್ನು ಚಾಮುಂಡಿ ಬೆಟ್ಟದ ಪ್ರಕರಣವೇ ಹೇಳುತ್ತದೆ.

ಆದರೆ ಜಾಲವಿದ್ದರೆ ಸಾಲದು, ಅದು ನಡೆಯುತ್ತಿರಬೇಕು. ‘ಸರ್ವರ್ ಡೌನ್’ ಎಂಬ ಮಾತನ್ನು ಪಡಿತರ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ ಕೇಳದ ಕನ್ನಡಿಗ ಯಾರಿದ್ದಾನೆ? ಅಲ್ಲಿ ‘ನಾಳೆ ಬನ್ನಿ’ ಎಂದರೆ ಒಂದು ದಿನದ ಕೂಲಿ ಹೋಗುತ್ತದೆ. ಠಾಣೆಯಲ್ಲಿ ‘ನಾಳೆ ಬನ್ನಿ’ ಎಂದರೆ ಸಾಕ್ಷ್ಯವೇ ಹೋಗಬಹುದು, ಜೀವವೇ ಹೋಗಬಹುದು. ಶೇ. 99ರಷ್ಟು ಕಾಲ ನಡೆಯುವ ವ್ಯವಸ್ಥೆ ಎಂದರೆ ಕೇಳಲು ಇಂಪಾಗಿರುತ್ತದೆ. ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಮೂರೂವರೆ ದಿನಕ್ಕಿಂತಲೂ ಹೆಚ್ಚು ಕಾಲ ಸತ್ತು ಬಿದ್ದಿರುತ್ತದೆ. ಶೇ. 99.9 ಎಂದರೂ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ. ಇದಕ್ಕೆ ಪರಿಹಾರಗಳು ಗುಟ್ಟೇನಲ್ಲ. ಒಂದೇ ದಾಖಲೆಯ ನಕಲು ಬೇರೆ ಬೇರೆ ಊರುಗಳಲ್ಲಿರಬೇಕು, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಕೆಲಸ ಮುಂದುವರಿಯಬೇಕು. ವಿದ್ಯುತ್ ಹೋದರೆ ಬ್ಯಾಟರಿ, ಅದೂ ಮುಗಿದರೆ ಜನರೇಟರ್ ಇರಬೇಕು. ಎಲ್ಲವೂ ಕೈಕೊಟ್ಟರೆ ಕಾಗದ, ಪೆನ್ನು ಇದ್ದೇ ಇವೆ. ದೂರು ಬರೆದುಕೊಳ್ಳುವುದು ಕಾನೂನು ವಿಧಿಸಿದ ಕರ್ತವ್ಯ, ಕಂಪ್ಯೂಟರ್ ಅದಕ್ಕೊಂದು ಉಪಕರಣ ಮಾತ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಗಂಭೀರ ಅಪರಾಧದ ಮಾಹಿತಿಯನ್ನು ಅದು ಎಲ್ಲೇ ನಡೆದಿರಲಿ ದಾಖಲಿಸಿಕೊಳ್ಳಬೇಕೆನ್ನುತ್ತದೆ. ವಿದ್ಯುನ್ಮಾನ ಮಾರ್ಗದಲ್ಲೂ ದೂರು ಕೊಡಬಹುದು, ಮೂರು ದಿನಗಳೊಳಗೆ ಸಹಿ ಹಾಕಬೇಕು. ಯಂತ್ರ ಕೆಟ್ಟಿದೆಯೆಂದು ದೂರುದಾರರನ್ನು ಹಿಂದಕ್ಕೆ ಕಳುಹಿಸಲು ಕಾನೂನಿನಲ್ಲಿ ಎಲ್ಲೂ ಅವಕಾಶವಿಲ್ಲ.

ಈಗ ಠಾಣೆಯ ಒಳಗಿನ ಯಂತ್ರದ ಕಡೆಗೆ ಬರೋಣ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಕ್ಯಾಮರಾ ಇರಬೇಕೆಂದು ಆದೇಶಿಸಿತು. ಪ್ರವೇಶದ್ವಾರ, ಲಾಕಪ್, ಮೊಗಸಾಲೆ, ಅಧಿಕಾರಿಯ ಕೊಠಡಿ ಯಾವುದೂ ಕ್ಯಾಮರಾ ಕಣ್ಣಿನಿಂದ ಹೊರಗುಳಿಯಬಾರದು. ದೃಶ್ಯದೊಂದಿಗೆ ಧ್ವನಿಯೂ ಇರಬೇಕು. ದಾಖಲೆಯನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ವಿದ್ಯುತ್ ಅಥವಾ ಇಂಟರ್‌ನೆಟ್ ಇಲ್ಲದ ಕಡೆ ಸೌರಶಕ್ತಿ, ಪವನಶಕ್ತಿಯಿಂದಾದರೂ ಸರಕಾರ ಅದನ್ನು ಒದಗಿಸಬೇಕೆಂದೂ ನ್ಯಾಯಾಲಯ ಹೇಳಿತು. ಕ್ಯಾಮರಾ ನಡೆಯುತ್ತಿದೆಯೇ ಎಂಬುದಕ್ಕೆ ಠಾಣಾಧಿಕಾರಿಯೇ ಹೊಣೆ. ‘ಕರೆಂಟ್ ಇರಲಿಲ್ಲ’ ಎಂಬ ಉತ್ತರಕ್ಕೆ ನ್ಯಾಯಾಲಯ ಮೊದಲೇ ಬಾಗಿಲು ಮುಚ್ಚಿದೆ.

ಫಲವೇನಾಯಿತು? ಐದು ವರ್ಷವಾಗುತ್ತಾ ಬಂದಾಗ, 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಕೆಲವೇ ತಿಂಗಳುಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ವರದಿಯನ್ನು ಓದಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮರಾಗಳೇ ಇಲ್ಲವೆಂಬ ವಿಷಯವನ್ನು ಅದೇ ಸುಪ್ರೀಂ ಕೋರ್ಟ್ ಸ್ವಯಂಪ್ರೇರಣೆಯಿಂದ ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ನಮ್ಮ ರಾಜಧಾನಿಯ ಬೀದಿಗಳಲ್ಲಿ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮರಾಗಳು ಎದ್ದು ನಿಂತಿವೆ. ಬೀದಿಯಲ್ಲಿ ನಡೆಯುವ ಪ್ರಜೆಯ ಮುಖ ನೋಡಲು ಹಣವಿದೆ, ತಂತ್ರಜ್ಞಾನವಿದೆ, ಉತ್ಸಾಹವಿದೆ. ಲಾಕಪ್ಪಿನ ಒಳಗೆ ನೋಡಬೇಕೆಂದಾಗ ಮಾತ್ರ ತಂತಿ ಕಡಿದಿರುತ್ತದೆ, ಡಿಸ್ಕ್ ತುಂಬಿರುತ್ತದೆ. ಇದು ಯಂತ್ರದ ದೋಷವೇ, ಮನಸ್ಸಿನ ದೋಷವೇ?

ದಾಖಲೆಯಿಲ್ಲದ ಬಂಧನ ಏನು ಮಾಡಬಲ್ಲದೆಂಬುದಕ್ಕೆ ಕಲಬುರಗಿಯ ಒಬ್ಬ ಫಾರ್ಮಸಿ ವಿದ್ಯಾರ್ಥಿಯ ಬದುಕೇ ಸಾಕ್ಷಿ. ತನ್ನನ್ನು 1994ರ ಜನವರಿ 15ರಂದು ಹಿಡಿದೊಯ್ದರು, ನ್ಯಾಯಾಲಯದ ಮುಂದೆ ನಿಲ್ಲಿಸಿದ್ದು ಫೆಬ್ರವರಿ 28ರಂದು ಎಂದು ಆತ ಬಿಡುಗಡೆಯ ಬಳಿಕ ಹೇಳಿದ್ದರು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದಾಗ 22 ವರ್ಷಗಳು ಕಳೆದಿದ್ದವು. ಠಾಣೆಯ ಬಾಗಿಲಲ್ಲಿ ದಿನಾಂಕ, ಗಂಟೆ ಸಮೇತ ನಿಜ ಹೇಳುವ ಒಂದು ಕ್ಯಾಮರಾ ಇದ್ದಿದ್ದರೆ ಒಂದು ಯೌವನ ಉಳಿಯುತ್ತಿತ್ತೋ ಏನೋ!

ಇನ್ನೊಂದು ಅಪಾಯವೂ ಇದೆ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯು ಬೆರಳಚ್ಚು, ಕಣ್ಣಿನ ಪಾಪೆಯಂತಹ ವಿವರಗಳನ್ನು 75 ವರ್ಷ ಉಳಿಸಲು ಅವಕಾಶ ಕೊಡುತ್ತದೆ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಖುಲಾಸೆಯಾದರೆ, ನ್ಯಾಯಾಲಯ ಬೇರೆ ಆದೇಶ ನೀಡದ ಹೊರತು, ಅದನ್ನು ಅಳಿಸಬೇಕೆಂದೂ ಹೇಳುತ್ತದೆ. ನೆನಪಿಡುವುದರಲ್ಲಿ ಎಂದೂ ತಪ್ಪದ ಯಂತ್ರ, ಮರೆಯಬೇಕಾದಾಗಲೂ ಅಷ್ಟೇ ತಪ್ಪದೆ ಮರೆಯುತ್ತದೆಯೇ? ಇದನ್ನು ಪರೀಕ್ಷಿಸುವವರು ಯಾರು?

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಬೇಕಿದೆ. 2025ರ ಫೆಬ್ರವರಿ 10ರ ರಾತ್ರಿ ಇದೇ ಮೈಸೂರಿನ ಉದಯಗಿರಿ ಠಾಣೆಯ ಮುಂದೆ ಏನಾಯಿತು? ಅವಹೇಳನಕಾರಿ ಪೋಸ್ಟ್ ಹಾಕಿದವನನ್ನು ಬಿಟ್ಟುಬಿಡುತ್ತಾರೆಂಬ ಮಾತು ಹಬ್ಬಿ, ಜನ ಸೇರಿ, ಕಲ್ಲು ತೂರಿದರು. ಪೊಲೀಸರಿಗೆ ಗಾಯವಾಯಿತು, ಬಳಿಕ ಅನೇಕ ಮನೆಗಳ ಯುವಕರು ಜೈಲು ಸೇರಿದರು. ಕಲ್ಲು ತೂರಿದ್ದನ್ನು ನಾವು ಯಾವ ಕಾರಣಕ್ಕೂ ಸಮರ್ಥಿಸುವುದಿಲ್ಲ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂದು ಕಲಿಸುವ ಕುರ್‌ಆನನ್ನು ಓದುವವರು ವದಂತಿಯ ಬೆನ್ನು ಹತ್ತುವುದು ನಾಚಿಕೆಗೇಡು. ಅದೇ ವೇಳೆ ಆಡಳಿತವೂ ಒಂದು ಪಾಠ ಕಲಿಯಬೇಕು. 2016ರಲ್ಲೇ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಲು ಹೇಳಿದೆ. ಏನು ಕ್ರಮ ಕೈಗೊಂಡಿದ್ದೇವೆಂದು ಅಧಿಕಾರಿಗಳು ದಾಖಲೆ ತೋರಿಸಿ ತಕ್ಷಣ ಹೇಳಿದರೆ ವದಂತಿಗೆ ಕಾಲಿರುವುದಿಲ್ಲ. ನಮ್ಮ ಯುವಕರು ಕಲ್ಲಿನ ಬದಲು ಎಫ್‌ಐಆರ್ ಪ್ರತಿ ಕೇಳುವುದನ್ನು ಕಲಿಯಲಿ. ದೂರುದಾರನಿಗೆ ಅದನ್ನು ಉಚಿತವಾಗಿ ಕೊಡಬೇಕೆಂಬುದು ಕಾನೂನು.

ನಮ್ಮ ಬೇಡಿಕೆಗಳು ಹೆಚ್ಚೇನಿಲ್ಲ. ಪ್ರತಿ ಠಾಣೆಯ ಕಂಪ್ಯೂಟರ್ ಮತ್ತು ಕ್ಯಾಮರಾ ತಿಂಗಳಲ್ಲಿ ಎಷ್ಟು ಗಂಟೆ ಕೆಟ್ಟಿತ್ತೆಂಬುದನ್ನು ಸರಕಾರ ಬಹಿರಂಗಪಡಿಸಲಿ. ಠಾಣೆಯ ಕ್ಯಾಮರಾ ದಾಖಲೆಯ ಒಂದು ಪ್ರತಿ ಆ ಠಾಣೆಯ ಕೈಗೆಟುಕದ ಜಾಗದಲ್ಲಿರಲಿ. ಯಾರ ಹೆಸರನ್ನು ಯಾವ ಅಧಿಕಾರಿ ಯಾವಾಗ ಹುಡುಕಿದರು, ಏನನ್ನು ತಿದ್ದಿದರು ಎಂಬುದೂ ದಾಖಲಾಗಲಿ, ಅದನ್ನು ಇಲಾಖೆಯ ಹೊರಗಿನವರು ಪರಿಶೀಲಿಸಲಿ. ಖುಲಾಸೆಯಾದವರ ವಿವರ ಅಳಿಸಲಾಗಿದೆಯೆಂದು ಅವರಿಗೆ ಲಿಖಿತವಾಗಿ ತಿಳಿಸಲಿ.

ಮನುಷ್ಯನ ಬಲ ಎಡಗಳಲ್ಲಿ ಇಬ್ಬರು ದೇವಚರರು ಅವನ ಕರ್ಮಗಳನ್ನು ಬರೆಯುತ್ತಾರೆಂಬುದು ನಮ್ಮ ವಿಶ್ವಾಸ. ಒಳಿತು ಕೆಡುಕು ಎರಡೂ ದಾಖಲಾಗುತ್ತವೆ, ದೊರೆಗೂ ಆಳಿಗೂ ಬೇರೆ ಬೇರೆ ಪುಸ್ತಕವಿಲ್ಲ. ಮನುಷ್ಯರು ಕಟ್ಟಿದ ವ್ಯವಸ್ಥೆಯಿಂದ ಅಷ್ಟು ಪರಿಪೂರ್ಣತೆಯನ್ನು ನಾವು ನಿರೀಕ್ಷಿಸುವುದಿಲ್ಲ. ಆದರೆ ಆಳುವವರ ಕಡೆಗೂ ಒಂದು ಲೇಖನಿ ಚಲಿಸುತ್ತಿರಲಿ ಎಂದು ಕೇಳುವ ಹಕ್ಕು ನಮಗಿದೆ. ಸಂಜೆ ಚಾಮುಂಡಿ ಬೆಟ್ಟಕ್ಕೆ ಹೋದ ಹುಡುಗಿ ನಿರ್ಭಯವಾಗಿ ಮನೆಗೆ ಮರಳಬೇಕು. ರಾತ್ರಿ ವಿಚಾರಣೆಗೆಂದು ಠಾಣೆಗೆ ಹೋದ ಹುಡುಗನೂ ಜೀವಂತವಾಗಿ ಮನೆಗೆ ಮರಳಬೇಕು. ಇವೆರಡನ್ನೂ ಕಾಯುವ ಯಂತ್ರವನ್ನು ಮಾತ್ರ ನಾವು ನಂಬಬಲ್ಲೆವು.