ತೋಟಕ್ಕೆ ಹೋದ ದಿನ ನಿಮಗೂ ಬಿಡುವಿರಲಿ



ಇಟಲಿಯಲ್ಲಿ ರೋಮ್ ನಗರದ ಹತ್ತಿರ ತಿವೋಲಿ ಎಂಬ ಊರಿದೆ. 1550ರಲ್ಲಿ ಅಲ್ಲಿಗೆ ಅಧಿಕಾರಿಯಾಗಿ ಬಂದ ಇಪ್ಪೋಲಿತೊ ದ ಎಸ್ಟೆ ಎಂಬ ಕ್ರೈಸ್ತ ಧರ್ಮಾಧಿಕಾರಿ, ಹಳೆಯ ಮಠವೊಂದನ್ನು ಅರಮನೆಯಂಥ ಮನೆ ಮಾಡಿಸಿ, ಕೆಳಗಿನ ಇಳಿಜಾರಿನ ತುಂಬ ತೋಟ ಹಾಕಿಸಿದ. ಪಂಪಿಲ್ಲದ ಆ ಕಾಲದಲ್ಲಿ ನದಿಯ ನೀರನ್ನು ನೆಲದೊಳಗಿನ ಕಾಲುವೆಯಲ್ಲಿ ತಂದು, ಎತ್ತರದಿಂದ ಇಳಿಯುವ ಒತ್ತಡದಿಂದಲೇ ಕಾರಂಜಿ ಚಿಮ್ಮಿಸಿದರು. ದಾರಿಯುದ್ದಕ್ಕೂ ಪುರಾಣದ ದೇವ-ದೇವಿಯರ ಮೂರ್ತಿಗಳು. ದೊಡ್ಡವರು ತಂಪಿನಲ್ಲಿ ಅಡ್ಡಾಡಲಿ ಅಂತ ಮಾಡಿದ ಈ ತೋಟ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

"ಇಟಲಿ ಸುದ್ದಿ ನಮಗ್ಯಾಕ್ರೀ?" ಅಂತೀರೇನು? ತಡಸದಿಂದ ಶಿಗ್ಗಾಂವಿ ಕಡೆ ಹೊರಟರೆ ಗೊಟಗೋಡಿ ಸಿಗುತ್ತದಲ್ಲ, ಜಾನಪದ ವಿಶ್ವವಿದ್ಯಾಲಯ ಇರುವ ಊರು, ಅಲ್ಲಿ ನಮ್ಮದೇ ಒಂದು ತೋಟವಿದೆ: ಉತ್ಸವ ರಾಕ್ ಗಾರ್ಡನ್. ಕಟ್ಟಿದವರು ದೊಡ್ಡಾಟಕ್ಕಾಗಿಯೂ ದುಡಿದ ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ. ಡಾ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳೂ ಅಲ್ಲಿವೆ. ಆದರೆ ಆ ತೋಟದ ಜೀವ ಉತ್ತರ ಕರ್ನಾಟಕದ ಹಳ್ಳಿ. ರೈತರು, ಕುಂಬಾರರು, ಕಮ್ಮಾರರು, ಮನೆಗೆಲಸದಲ್ಲಿ ತೊಡಗಿದ ಹೆಂಗಸರು, ಎಲ್ಲರೂ ಆಳೆತ್ತರದ ಮೂರ್ತಿಗಳು. ತಿವೋಲಿಯಲ್ಲಿ ದೇವತೆಗಳು ನಿಂತ ಜಾಗದಲ್ಲಿ ಇಲ್ಲಿ ದುಡಿಯುವ ಮಂದಿ!

ಮಕ್ಕಳು ಫೋಟೋ ತೆಗೆಸಿಕೊಂಡು ಮುಂದೆ ಓಡುತ್ತಾರೆ. ಸ್ವಲ್ಪ ನಿಲ್ಲಿಸಿರಿ. ಬೀಸುವ ಕಲ್ಲಿಗೆ ಜೋಳ ಹಾಕುತ್ತ ನಸುಕಿನಲ್ಲೇ ನಿಮ್ಮ ಅಜ್ಜಿ ಏಳುತ್ತಿದ್ದುದನ್ನು ಹೇಳಿರಿ. ಅತ್ತೆಯವರನ್ನು ಕರೆದುಕೊಂಡು ಹೋದರಂತೂ ಇನ್ನೂ ಚಲೋ. ನಿಮಗೆ ಗೊತ್ತಿಲ್ಲದ ಎಷ್ಟೋ ಮಾತು ಅವರ ಬಾಯಿಂದ ಬರುತ್ತವೆ.

ಇನ್ನು ನಿಮ್ಮ ಮಾತು. ಬಿಡುವು ಎಂಬುದು ಆ ಅಜ್ಜಿಗೆ ಇರಲಿಲ್ಲ. ನಿಮಗಾದರೂ ಇದೆಯೇ? ಮನೆಮಂದಿ ತಿರುಗಾಡಲು ಹೊರಟ ದಿನ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುವವರು ನೀವು. ಅಲ್ಲಿ ಮರದ ಬುಡದಲ್ಲಿ ಚೀಲ ಕಾಯುತ್ತ ಕೂಡುವವರೂ ನೀವೇ. ಸಂಜೆ ಬಂದು ಪಾತ್ರೆ ತಿಕ್ಕುವವರೂ ಮತ್ತೆ ನೀವೇ! ಇದು ತಪ್ಪಬೇಕಾದರೆ ಹೀಗೆ ಮಾಡಿರಿ:

ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ದಿನ ಮೊದಲೇ ಆಗಲಿ. ಬೆಳಿಗ್ಗೆ ಅನ್ನವೊಂದೇ ಸಾಕು. ಆರಿದ ಅನ್ನಕ್ಕೆ ಕಾಸಿದ ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಸುರಿದು, ಒಂದೇ ಚಮಚೆ ಮೊಸರು ಕಲಸಿ ಇಡಿರಿ. ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದ ಮೊಸರನ್ನ ತಯಾರು. ಉಪ್ಪು, ಒಗ್ಗರಣೆ ಅಲ್ಲೇ ಬೆರೆಸಿದರಾಯಿತು.

ನೀರು, ಚಾಪೆ ಯಜಮಾನರ ಪಾಲಿಗೆ. ತಾಟು ತೊಳೆಯುವುದು ದೊಡ್ಡ ಮಕ್ಕಳಿಗೆ. ಚೀಲ ಕಾಯುವುದಕ್ಕೆ ಸರದಿ ಹಚ್ಚಿರಿ. ಇದನ್ನೆಲ್ಲ ಮನೆ ಬಿಡುವ ಮೊದಲೇ ಹೇಳಬೇಕು. ಅಲ್ಲಿಗೆ ಹೋದ ಮೇಲೆ ಹೇಳಿದರೆ "ನೀನೇ ಕೂಡು, ಈಗ ಬಂದೆವು" ಅನ್ನುತ್ತಾರೆ!

ಬೇಸಿಗೆಯಲ್ಲಿ ಬೇಡ, ದೀಪಾವಳಿ ಕಳೆದ ಮೇಲೆ ತಂಪಿನ ದಿನಗಳಲ್ಲಿ, ಬೆಳಗಿನ ಹೊತ್ತು ಹೋಗಿರಿ. ಸವೆದ ಚಪ್ಪಲಿ ಬಿಟ್ಟು ಗಟ್ಟಿಯಾದದ್ದು ಹಾಕಿಕೊಳ್ಳಿರಿ; ನಡೆಯುವುದು ಬಹಳವಿದೆ. ಸಮಯ ಉಳಿದರೆ ಶಿಗ್ಗಾಂವಿ ದಾಟಿ ಬಂಕಾಪುರಕ್ಕೆ ಹೋಗಬಹುದು. ಅಲ್ಲಿನ ಹಳೆಯ ಕೋಟೆಯೊಳಗೆ ನವಿಲುಧಾಮವೂ ನಗರೇಶ್ವರ ಗುಡಿಯೂ ಇವೆ.

ಮನೆಗೆ ಬಂದ ರಾತ್ರಿ ಒಲೆ ಹಚ್ಚುವುದು ಬೇಡ. ಉಳಿದ ರೊಟ್ಟಿಗೆ ಮೊಸರು, ಚಟ್ನಿಪುಡಿ ಸಾಕು. ಯಾರಾದರೂ ಮುಖ ಸಿಂಡರಿಸಿದರೆ, "ಇವತ್ತು ನನಗೂ ಸೂಟಿ" ಅಂತ ನಗುನಗುತ್ತಲೇ ಹೇಳಿಬಿಡಿ.